18 ವರ್ಷ ಜಲವರ್ಣ ಬರೆದ ಮೇಲೆ ಗಾಜು ಮನಸ್ಸು ಹಿಡಿದಿದೆ: ಗದಗಿನಲ್ಲಿದ್ದುಕೊಂಡು ಎಲ್ಲಿಂದ ಆರಂಭಿಸಬೇಕು?

ಬೆಟಗೇರಿ ಕುಂಚ, ಗದಗ:

ಎಲ್ಲರಿಗೂ ಶರಣು. ಪ್ರಶ್ನೆ ಉದ್ದವಾಗಿದೆ, ಆದರೂ ಪೂರ್ತಿ ಓದಿ ಉತ್ತರಿಸಬೇಕೆಂದು ವಿನಂತಿ.

ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ, ವಯಸ್ಸು 41. ಕಳೆದ 18 ವರ್ಷಗಳಿಂದ ಜಲವರ್ಣದಲ್ಲಿ ನಿಸರ್ಗಚಿತ್ರಗಳನ್ನು ಬರೆಯುತ್ತ ಬಂದಿದ್ದೇನೆ. ಕಪ್ಪತಗುಡ್ಡದ ಇಳಿಜಾರು, ಮುಂಗಾರಿಗೆ ಹದಗೊಂಡ ಎರೆಹೊಲ, ಲಕ್ಕುಂಡಿಯ ಗುಡಿಗಳ ಕಂಬಗಳ ಮೇಲೆ ಜಾರುವ ಸಂಜೆಬಿಸಿಲು, ಇವೇ ನನ್ನ ವಸ್ತುಗಳು. ಜಲವರ್ಣದಲ್ಲಿ ಬೆಳಕನ್ನು ಬಣ್ಣದಿಂದ ತರಲಾಗುವುದಿಲ್ಲ; ತೆಳುವಾದ ಬಣ್ಣದ ಪದರವನ್ನು ದಾಟಿದ ಬೆಳಕು ಕೆಳಗಿನ ಬಿಳಿ ಕಾಗದಕ್ಕೆ ತಾಗಿ ಮರಳಿ ಬರಬೇಕು. ಇಷ್ಟು ವರ್ಷ ನಾನು ಕಲಿತದ್ದೆಲ್ಲ ಆ ಕಾಗದವನ್ನು ಎಲ್ಲೆಲ್ಲಿ ಖಾಲಿ ಬಿಡಬೇಕು ಎಂಬುದನ್ನೇ ಎಂದರೂ ತಪ್ಪಾಗದು.

ಹೋದ ವರ್ಷ ತಂಗಿಯ ಹೊಸ ಮನೆಗೆ ಕನ್ನಡಿ ಕೊಯ್ಯಿಸಲೆಂದು ಹುಬ್ಬಳ್ಳಿಯ ಗಾಜಿನಂಗಡಿಯೊಂದಕ್ಕೆ ಹೋಗಿದ್ದೆ. ನನ್ನ ಸರದಿ ಬರುವ ಮುಂಚೆ ಕೆಲಸಗಾರರೊಬ್ಬರು ಕಂಬಳಿ ಹಾಸಿದ ಮೇಜಿನ ಮೇಲೆ ಕಿಟಕಿಯ ಗಾಜನ್ನಿಟ್ಟು, ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿಗೆ ಹಚ್ಚಿ ಒಂದೇ ಒಂದು ಗೀರು ಎಳೆದರು. ಕಿರ್ರೆಂಬ ಸಣ್ಣ ಸದ್ದಾಯಿತು. ಎರಡೂ ಹೆಬ್ಬೆರಳುಗಳನ್ನು ಗೀರಿನ ಆಚೆ ಈಚೆ ಇಟ್ಟು ಮೆಲ್ಲಗೆ ಒತ್ತಿದ್ದೇ ತಡ, ಗಾಜು ಗೆರೆ ಹಿಡಿದು ಎರಡಾಯಿತು. ಕೆಳಗೆ ಬಿದ್ದಿದ್ದ ಬೆರಳಗಲದ ತುಂಡೊಂದನ್ನು ಕೇಳಿ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದೆ. ಎದುರಿನಿಂದ ನೋಡಿದರೆ ಬಣ್ಣವೇ ಇಲ್ಲದ ಆ ಗಾಜು ಅಂಚಿನಿಂದ ನೋಡಿದಾಗ ತುಂಬಿದ ಕೆರೆಯ ಹಸಿರಾಗಿತ್ತು. ಆ ಹಸಿರಿಗಾಗಿ ನಾನು ಎಷ್ಟೋ ಹಾಳೆಗಳನ್ನು ಹರಿದು ಹಾಕಿದ್ದೇನೆ. ಕನ್ನಡಿಯ ಜೊತೆಗೆ ಒಂದು ಚೀಲ ಚೂರುಗಳನ್ನೂ ಗದಗಿಗೆ ತಂದೆ.

ಆಮೇಲೆ ಪರಿಚಯದ ಕುಂಬಾರರನ್ನು ಕೇಳಿಕೊಂಡು, ಅವರ ಆವಿಗೆಯ ಒಂದು ಬದಿಯಲ್ಲಿ ಮಣ್ಣಿನ ಹಂಚಿನ ಮೇಲೆ ಕಿಟಕಿಯ ಗಾಜು ಮತ್ತು ಹಸಿರು ಬಾಟಲಿಯ ತಳದ ಚೂರುಗಳನ್ನು ಒಂದರ ಮೇಲೊಂದಿಟ್ಟು ಸುಟ್ಟೆ. ಮರುದಿನ ಬೆಳಿಗ್ಗೆ ಬೂದಿ ಸರಿಸಿ ತೆಗೆದಾಗ ಅಂಗೈಯಗಲದ ಒಂದು ಬಿಲ್ಲೆ ಸಿಕ್ಕಿತು. ಇನ್ನೂ ಬೆಚ್ಚಗಿತ್ತು, ಸೆರಗಿನಲ್ಲಿ ಹಿಡಿದುಕೊಂಡು ಬಂದೆ. ಕೆಳಮೈಗೆ ಹಂಚಿನ ಮರಳು ಅಂಟಿಕೊಂಡಿತ್ತು. ಆದರೆ ಒಳಗೆ ಸಿಕ್ಕ ಗಾಳಿಗುಳ್ಳೆಗಳು ಮಳೆಹನಿಗಳಂತೆ ನಿಂತಿದ್ದವು. ಪುಸ್ತಕದ ಕಪಾಟಿನಲ್ಲಿ ಇಟ್ಟೆ. ಮೂರನೆಯ ರಾತ್ರಿ ಟಣ್ ಎಂದು ಸದ್ದಾಯಿತು. ದೀಪ ಹಚ್ಚಿ ನೋಡಿದರೆ, ಯಾರೂ ಮುಟ್ಟದೆ ಬಿಲ್ಲೆ ಎರಡು ಹೋಳಾಗಿತ್ತು.

ಅದು ಮೂರನೆಯ ದಿನ ಒಡೆದದ್ದೇಕೆ ಎಂಬುದು ನನ್ನ ಮೊದಲ ಪ್ರಶ್ನೆ. ಗಾಜಿನ ಕೆಲಸದಲ್ಲಿ ಹಲವು ದಾರಿಗಳಿವೆ ಎಂದು ಕೇಳಿದ್ದೇನೆ. ನನ್ನಂಥವಳು ಯಾವುದರಿಂದ ಆರಂಭಿಸಬೇಕು ಎಂಬುದು ಎರಡನೆಯದು. ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ. ಕೈಗೆ ಹತ್ತಿದ ಜಲವರ್ಣವನ್ನು ಬಿಟ್ಟು ಈ ವಯಸ್ಸಿನಲ್ಲಿ ಹೊಸದಕ್ಕೆ ಕೈಹಾಕುವುದು ಸರಿಯೇ ಎಂದು ಮನೆಯವರು ಕೇಳುತ್ತಾರೆ, ನಾನೂ ನನ್ನನ್ನು ಕೇಳಿಕೊಳ್ಳುತ್ತೇನೆ. ಕುಂಚ ಹಿಡಿದು ಕುಳಿತರೂ ಕಣ್ಣು ಮಾತ್ರ ಆ ಹೋಳುಗಳ ಕಡೆಗೇ ಹೋಗುತ್ತಿದೆ.

ಕುಲುಮೆ, ಧಾರವಾಡ:

ಮೇಡಂ, ಶರಣು. ನಾನು 11 ವರ್ಷಗಳಿಂದ ಧಾರವಾಡದಲ್ಲಿ ಟಾರ್ಚಿನ ಜ್ವಾಲೆಯಲ್ಲಿ ಗಾಜಿನ ಮಣಿ ಮತ್ತು ಚಿಕ್ಕ ಪಾತ್ರೆಗಳನ್ನು ಮಾಡುತ್ತಿದ್ದೇನೆ. ನಿಮ್ಮ ಬಿಲ್ಲೆಯ ಮಾತನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಂಥ ಟಣ್ ಸದ್ದನ್ನು ಕೇಳಿ ಗಾಜನ್ನು ಬಿಟ್ಟವರನ್ನು ಕಂಡಿದ್ದೇನೆ.

ಅದು ಒಡೆಯಲು ಎರಡು ಕಾರಣಗಳಿವೆ. ಕಿಟಕಿಯ ಗಾಜು, ಬಾಟಲಿಯ ಗಾಜು ಎರಡೂ ಮರಳು, ಸೋಡಾ ಮತ್ತು ಸುಣ್ಣದಿಂದಲೇ ಆದವು. ಆದರೆ ಅವುಗಳ ಪ್ರಮಾಣ ಒಂದೇ ಆಗಿರುವುದಿಲ್ಲ. ಈ ಜಾತಿಯ ಗಾಜಿನ 10 ಸೆಂ.ಮೀ. ತುಂಡು 500 ಡಿಗ್ರಿಯಷ್ಟು ತಣಿಯುವಾಗ ಸುಮಾರು ಅರ್ಧ ಮಿ.ಮೀ. ಕುಗ್ಗುತ್ತದೆ. ಅಂಟಿಕೊಂಡ ಎರಡು ತುಂಡುಗಳಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿದರೂ ಅವು ಜೀವಮಾನವಿಡೀ ಒಂದನ್ನೊಂದು ಎಳೆಯುತ್ತಿರುತ್ತವೆ. ಎರಡನೆಯ ಕಾರಣ ಇನ್ನೂ ದೊಡ್ಡದು. ಬಿಸಿಗಾಜನ್ನು ಬೇಗ ತಣಿಸಿದರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಡಲು ಇನ್ನೂ ಮೆತ್ತಗಿರುತ್ತದೆ. ತಡವಾಗಿ ತಣಿಯುವ ಒಡಲು ಕುಗ್ಗಲು ಹವಣಿಸಿದಾಗ ಗಟ್ಟಿಯಾದ ಹೊರಮೈ ಬಿಟ್ಟುಕೊಡುವುದಿಲ್ಲ. ಆ ಬಿಗಿತ ಗಾಜಿನೊಳಗೇ ಉಳಿದು, ರಾತ್ರಿಯ ತಂಪೋ ಅಂಟಿದ ಒಂದು ಮರಳಿನ ಹರಳೋ ನೆಪವಾದಾಗ ಹೊರಬರುತ್ತದೆ. ಅದಕ್ಕೇ ಗಾಜನ್ನು ಸುಮಾರು 540 ಡಿಗ್ರಿಯಲ್ಲಿ ಹೊತ್ತು ಹಿಡಿದು, ಅಲ್ಲಿಂದ ನಿಧಾನವಾಗಿ ಇಳಿಸಬೇಕು. ಇದನ್ನು ಅನೀಲಿಂಗ್ ಎನ್ನುತ್ತಾರೆ; ನಾನು ನನ್ನ ಹುಡುಗರಿಗೆ ಹದವಾಗಿ ತಣಿಸುವುದು ಎಂದು ಹೇಳಿಕೊಡುತ್ತೇನೆ. ಆವಿಗೆಯ ಅಂಚಿನಿಂದ ಬೆಚ್ಚಗಿರುವಾಗಲೇ ಸೆರಗಿಗೆ ಬಂದ ಬಿಲ್ಲೆಗೆ ಆ ಭಾಗ್ಯ ಸಿಗಲಿಲ್ಲ.

ಇನ್ನು ನನ್ನ ದಾರಿಯ ಕಥೆ. ನಾನು ಕಲಾಶಾಲೆಯಲ್ಲಿ ಕಲಿತದ್ದು ಶಿಲ್ಪ, ಅದರಲ್ಲೂ ಜೇಡಿಮಣ್ಣು. ಕಲಿತು ಮುಗಿಸಿದ ಮೇಲೆ ಹೊಟ್ಟೆಪಾಡಿಗೆಂದು ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗಕ್ಕೆ ಗೋಡೆಯ ಚಾರ್ಟುಗಳನ್ನು ಬರೆದುಕೊಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಒಡೆದ ಫ್ಲಾಸ್ಕು, ಕಂಡೆನ್ಸರುಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಒಂದು ಮಧ್ಯಾಹ್ನ ಅವರು ಗಾಜಿನ ಕೊಳವೆಯೊಂದನ್ನು ಎರಡೂ ಕೈಗಳಲ್ಲಿ ಅಡ್ಡ ಹಿಡಿದು ಜ್ವಾಲೆಯಲ್ಲಿ ತಿರುಗಿಸುತ್ತಿದ್ದರು. ನಡುವಿನ ಭಾಗ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಎಳೆಪಾಕಕ್ಕೆ ಬಂದ ಬೆಲ್ಲದಂತೆ ಜೋಲಿತು. ಅವರು ಕೊಳವೆಯ ಒಂದು ತುದಿಯನ್ನು ಬಾಯಿಗಿಟ್ಟು ಸಣ್ಣ ಉಸಿರು ಕೊಟ್ಟರು. ಜೋಲಿದ್ದು ತುಂಬಿಕೊಂಡು ನಿಂಬೆಹಣ್ಣಿನಷ್ಟು ದುಂಡಗಾಯಿತು. ಪೂರ್ತಿ ಆಗಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮಣ್ಣಿನಲ್ಲಿ ನಾನು ಬಹಳ ಅನುಮಾನದ ಮನುಷ್ಯನಾಗಿದ್ದೆ. ಮಾಡಿದ್ದನ್ನು ಹಸಿಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಬಿಚ್ಚಿ ಕೆದಕಿ, ಮತ್ತೆ ಸುತ್ತಿಟ್ಟು, ಕೊನೆಗೆ ಮೂಗಿಲ್ಲದ ಮುಖವಾಗಿಸಿ ಬಿಡುತ್ತಿದ್ದೆ. ಮಣ್ಣು ಕಾಯುತ್ತದೆ, ಗಾಜು ಕಾಯುವುದಿಲ್ಲ. ಜ್ವಾಲೆಯಿಂದ ಹೊರತೆಗೆದ ಮೇಲೆ ಚಿಕ್ಕ ತುಂಡಿಗೆ ಹತ್ತೋ ಹದಿನೈದೋ ಸೆಕೆಂಡುಗಳ ಆಯುಷ್ಯ, ಅಷ್ಟರಲ್ಲಿ ಕೈ ತೀರ್ಮಾನಿಸಬೇಕು. ಆ ಕೋಣೆಯ ಬಾಗಿಲಲ್ಲಿ ನಿಂತಾಗ ನನಗೆ ಬೇಕಾಗಿದ್ದದ್ದು ಈ ಅವಸರವೇ ಎಂದು ಅರ್ಥವಾಯಿತು. ಮರುದಿನದಿಂದ ಊಟದ ಡಬ್ಬಿಯೊಡನೆ ಅಲ್ಲಿಗೇ ಹೋಗತೊಡಗಿದೆ. ನಾಲ್ಕು ತಿಂಗಳು ಅವರು ನನಗೆ ಬೆಂಕಿ ಕೊಡಲಿಲ್ಲ. ನಡುವೆ ಬಟ್ಟೆಯ ತುಂಡಿನಿಂದ ಜೋಡಿಸಿದ ಎರಡು ತಣ್ಣನೆಯ ಕೊಳವೆಗಳನ್ನು ಕೊಟ್ಟು, ಬಟ್ಟೆ ಹುರಿಗೊಳ್ಳದಂತೆ ಎರಡೂ ಕೈಗಳಿಂದ ಒಂದೇ ವೇಗದಲ್ಲಿ ತಿರುಗಿಸಲು ಹೇಳಿದರು. ಇಂದಿಗೂ ಬಸ್ಸಿನಲ್ಲಿ ಕುಳಿತಾಗ ನನ್ನ ಬೆರಳುಗಳು ತಾವಾಗಿಯೇ ತಿರುಗುತ್ತವೆ.

ವಯಸ್ಸಿನ ಪ್ರಶ್ನೆಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಹಾರ್ವಿ ಲಿಟಲ್ಟನ್ ಕುಂಬಾರಿಕೆಯ ಕಲಾವಿದರು. ಕಾರ್ಖಾನೆಯಲ್ಲಷ್ಟೇ ಸಾಧ್ಯವೆಂದು ನಂಬಲಾಗಿದ್ದ ಊದುಗಾಜಿನ ಕೆಲಸವನ್ನು ಒಬ್ಬ ಕಲಾವಿದ ತನ್ನ ಚಿಕ್ಕ ಕುಲುಮೆಯಲ್ಲಿ ಮಾಡಬಹುದು ಎಂದು ತೋರಿಸಲು ಅವರು 1962ರಲ್ಲಿ ಟೊಲೆಡೊ ನಗರದ ಕಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ ಕಾರ್ಯಾಗಾರ ನಡೆಸಿದಾಗ 40ರ ಹೊಸ್ತಿಲಲ್ಲಿದ್ದರು. ಮೊದಲ ಸಲ ಕರಗಿಸಿದ ಗಾಜು ಕೆಲಸಕ್ಕೇ ಬರಲಿಲ್ಲ. ಡೊಮಿನಿಕ್ ಲ್ಯಾಬಿನೊ ಎಂಬ ಗಾಜುತಜ್ಞರು ಸಿದ್ಧ ಗಾಜಿನ ಗೋಲಿಗಳನ್ನು ಕರಗಿಸಲು ಸೂಚಿಸಿದ ಮೇಲೆ ಕೆಲಸ ಸಾಗಿತು. ನೀವು ನೇಕಾರರ ಊರಾದ ಬೆಟಗೇರಿಯವರಾದ್ದರಿಂದ ಇನ್ನೊಂದನ್ನೂ ಹೇಳಬೇಕು. ಇಂದು ಜಗತ್ತಿಗೆಲ್ಲ ಗೊತ್ತಿರುವ ಡೇಲ್ ಚಿಹುಲಿ ಗಾಜಿಗೆ ಬಂದದ್ದು ಮಗ್ಗದ ಕಡೆಯಿಂದ. ವಿದ್ಯಾರ್ಥಿಯಾಗಿದ್ದಾಗ ನೇಯ್ಗೆಯ ಎಳೆಗಳ ನಡುವೆ ಗಾಜಿನ ಚೂರುಗಳನ್ನು ಸೇರಿಸಿ ನೇಯುತ್ತಿದ್ದವರು, 1965ರಲ್ಲಿ ಬಣ್ಣದ ಗಾಜನ್ನು ಕರಗಿಸಿ ಲೋಹದ ಕೊಳವೆಯಿಂದ ಮೊದಲ ಗುಳ್ಳೆಯನ್ನು ಊದಿದರು.

ಟಾರ್ಚಿನ ಕೆಲಸಕ್ಕೆ ಇಳಿಯುವುದಾದರೆ ಮನೆಯ ಅಡುಗೆ ಸಿಲಿಂಡರನ್ನು ಬಳಸಬೇಡಿ. ವ್ಯಾಪಾರಿ ಬಳಕೆಯ 19 ಕೆ.ಜಿ. ಸಿಲಿಂಡರನ್ನೇ ಪಡೆಯಿರಿ. ಜ್ವಾಲೆಗೆ ಗ್ಯಾಸಿನ ಜೊತೆ ಸೇರಿಸುವ ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸು ತಾಗಲೇಬಾರದು. ಎರಡೂ ಪೈಪುಗಳಿಗೆ ಬೆಂಕಿ ಹಿಮ್ಮುಖವಾಗಿ ನುಗ್ಗದಂತೆ ತಡೆಯುವ ಸಾಧನ ಇರಲೇಬೇಕು. ಬಿಸಿಗಾಜಿನ ಸೋಡಿಯಂ ಹೊಮ್ಮಿಸುವ ಹಳದಿ ಪ್ರಭೆಯನ್ನು ಸೋಸುವ ಡಿಡಿಮಿಯಂ ಕನ್ನಡಕವಿಲ್ಲದೆ ಕೂತರೆ ಒಳಗೆ ಗಾಜು ಏನು ಮಾಡುತ್ತಿದೆ ಎಂಬುದೇ ಕಾಣುವುದಿಲ್ಲ. ಇವುಗಳನ್ನೆಲ್ಲ ಕೊಳ್ಳುವ ಮುಂಚೆ ಒಂದು ದಿನ ಬಂದು ನನ್ನ ಪಕ್ಕದಲ್ಲಿ ಕುಳಿತು ನೋಡಿರಿ.

ಗಾಜಿನಂಗಡಿ, ಹುಬ್ಬಳ್ಳಿ:

ನಮಸ್ಕಾರ ಟೀಚರ್. ನಾವು ತಂದೆಯ ಕಾಲದಿಂದ ಗಾಜು ಕೊಯ್ಯುವವರು, ಕಲೆಯ ವಿಷಯ ನಮಗೆ ತಿಳಿಯದು. ಆದರೆ ಚೂರುಗಳನ್ನು ಒಯ್ಯುವವರಿಗೆ ನಾಲ್ಕು ಮಾತು ಹೇಳುವುದು ನಮ್ಮ ಕೆಲಸ.

ಒಂದೇ ಹಾಳೆಯಿಂದ ಕೊಯ್ದ ತುಂಡುಗಳನ್ನೇ ಕೇಳಿ ಪಡೆಯಿರಿ. ಮೇಲೆ ಸರ್ ಹೇಳಿದ ಜಗಳ ಆಗ ಅವುಗಳ ನಡುವೆ ಬರುವುದಿಲ್ಲ. ಮೂಲೆಯಲ್ಲಿ ಟಫನ್ಡ್ ಎಂಬ ಗುರುತಿರುವ ಗಾಜನ್ನು ಕೊಯ್ಯಲು ಹೋಗಬೇಡಿ, ಅದು ಜೋಳದ ಕಾಳಿನಂತೆ ಪುಡಿಪುಡಿಯಾಗುತ್ತದೆ. ಕನ್ನಡಿಯ ಚೂರನ್ನು ಸುಡಬೇಡಿ, ಹಿಂದೆ ಬಣ್ಣದ ಲೇಪವಿರುತ್ತದೆ. ಗೀರನ್ನು ಒಂದೇ ಸಲ ಎಳೆಯಬೇಕು. ಅದರ ಮೇಲೆ ಮತ್ತೊಮ್ಮೆ ಎಳೆದರೆ ಕಟರೂ ಹಾಳು, ಗೆರೆಯೂ ಹಾಳು. ಎಳೆದ ಕೂಡಲೇ ಮುರಿಯಬೇಕು, ಚಹಾ ಕುಡಿದು ಬಂದು ಮುರಿದರೆ ಅದು ತನಗೆ ಬೇಕಾದ ಕಡೆಗೆ ಹೋಗುತ್ತದೆ. ಈಗಿನ ಕಿಟಕಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ತಯಾರಿಸುತ್ತಾರೆ, ಹಾಗಾಗಿ ಒಂದು ಮೈಗೆ ಕಣ್ಣಿಗೆ ಕಾಣದ ತವರದ ಅಂಶ ಇರುತ್ತದೆ. ಎಲ್ಲ ತುಂಡುಗಳಿಗೂ ಒಂದೇ ಮೈಗೆ ಮಾರ್ಕರಿನಿಂದ ಗುರುತು ಹಾಕಿಸಿಕೊಂಡು ಹೋಗಿ, ಸುಡುವಾಗ ಅದೇ ಕ್ರಮದಲ್ಲಿಡಿ.

ನೀವು ಮೆಚ್ಚಿದ ಅಂಚಿನ ಹಸಿರು ಮರಳಿನಲ್ಲಿರುವ ಕಬ್ಬಿಣದಿಂದ ಬರುತ್ತದೆ. ಹೆಚ್ಚು ಬೆಲೆಯ ಎಕ್ಸ್‌ಟ್ರಾ ಕ್ಲಿಯರ್ ಗಾಜಿನಲ್ಲಿ ಕಬ್ಬಿಣ ಕಡಿಮೆ, ಹಸಿರೂ ಕಡಿಮೆ. ನಿಮಗೆ ಬೇಕಾದದ್ದು ಸಾದಾ ಗಾಜೇ. ಚೂರು ಆರಿಸುವಾಗ ಚಪ್ಪಲಿ ಸಾಲದು, ಪಾದ ಮುಚ್ಚುವ ಬೂಟು ಹಾಕಿಕೊಂಡು ಬನ್ನಿ.

ಗವಂತಿ, ಹಾವೇರಿ:

ತಂಗೀ, ವಯಸ್ಸಿನಲ್ಲಿ ನಿನಗಿಂತ ಬಹಳ ಹಿರಿಯಳಾದ್ದರಿಂದ ಹೀಗೆ ಕರೆಯುತ್ತಿದ್ದೇನೆ. ಕುಲುಮೆಯವರು ಹೇಳಿದ್ದೆಲ್ಲ ಸರಿ. ಆದರೆ ಆರಂಭಕ್ಕೆ ಬೆಂಕಿ ಬೇಕೇಬೇಕು ಎಂಬ ಭಾವನೆ ನಿನಗೆ ಬಾರದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷ ಕಸೂತಿ ಹಾಕಿದವಳು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಿಡಿದು ಹೋಗುತ್ತದೆ, ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣಬೇಕು. ಮೈಸೂರಿಗೆ ಹೋದಾಗ ಅರಮನೆಯ ಕಲ್ಯಾಣಮಂಟಪದ ಚಾವಣಿಯನ್ನು ತಲೆಯೆತ್ತಿ ನೋಡಿದೆ. 1912ರಲ್ಲಿ ಪೂರ್ಣಗೊಂಡ ಆ ಅರಮನೆಗೆ ನವಿಲುಗಳ ಆ ಬಣ್ಣದ ಗಾಜನ್ನು ಗ್ಲಾಸ್ಗೊದಲ್ಲಿ ಮಾಡಿಸಿ ತರಿಸಿದ್ದರು. ಎಲ್ಲರೂ ನವಿಲನ್ನು ನೋಡುತ್ತಿದ್ದರು, ನಾನು ಗಾಜುಗಳ ನಡುವಿನ ಕಪ್ಪು ಗೆರೆಗಳನ್ನು ನೋಡುತ್ತಿದ್ದೆ. ಒಂದು ಗೆರೆಯೂ ನಡುವೆ ನಿಂತಿರಲಿಲ್ಲ. ಪ್ರತಿಯೊಂದೂ ಇನ್ನೊಂದು ಗೆರೆಗೋ ಅಂಚಿಗೋ ಹೋಗಿ ಮುಟ್ಟಿತ್ತು. ಗಾಜಿನ ಗೀರು ನಡುವೆ ನಿಲ್ಲಲಾರದು ಎಂಬ ಕಾರಣಕ್ಕೆ ಹಾಗೆ ಎಂದು ಆಮೇಲೆ ತಿಳಿಯಿತು. ಕಸೂತಿಯವಳಿಗೆ ಅದು ತವರಿನ ಭಾಷೆಯಾಗಿ ಕೇಳಿಸಿತು.

ಬಣ್ಣದ ಗಾಜಿನ ತುಂಡುಗಳನ್ನು ಬೆಸೆದು ಫಲಕ ಮಾಡುವುದನ್ನು ಕಲಿಯತೊಡಗಿದೆ. ಆದರೂ ಮೊದಲ ಎರಡು ವರ್ಷ ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಲಿಲ್ಲ, ಇದನ್ನು ಮುಚ್ಚಿಡದೆ ಹೇಳುತ್ತೇನೆ. ಬೆರಳು ಕೊಯ್ದುಕೊಳ್ಳುತ್ತಿತ್ತು, ತುಂಡುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ, ಬೆಸುಗೆ ಗಂಟುಗಂಟಾಗುತ್ತಿತ್ತು. ಕಲಿಯಲು ಹಣ ಕಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ ಮಾಡುತ್ತಿದ್ದೆ. ಒಂದು ದಿನ ಪಡಸಾಲೆಯ ಕಿಟಕಿಗೆ ತುಳಸಿಕಟ್ಟೆಯ ಚಿಕ್ಕ ಫಲಕವೊಂದನ್ನು ತೂಗುಹಾಕಿ, ರೊಟ್ಟಿ ಬಡಿಯಲು ಒಳಗೆ ಹೋದೆ. ತಿರುಗಿ ಬಂದಾಗ ಬಿಸಿಲು ಸರಿದು ನೆಲದ ಕರಿಕಲ್ಲಿನ ಮೇಲೆ ಹಸಿರು ತುಳಸಿ ಬಿದ್ದಿತ್ತು, ಮೊಮ್ಮಗು ಅದನ್ನು ಕೈಯಿಂದ ಹೆಕ್ಕಲು ನೋಡುತ್ತಿತ್ತು. ಅರ್ಧ ತಾಸಿನಲ್ಲಿ ಅದು ಗೋಡೆ ಹತ್ತಿತು. ನಾನು ಮಾಡಿದ್ದು ಕಿಟಕಿಯಲ್ಲಿದೆ ಎಂದುಕೊಂಡಿದ್ದೆ, ಅದು ಮನೆಯೆಲ್ಲ ತಿರುಗಾಡುತ್ತಿತ್ತು. ಆ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಕೈ ಕಟರನ್ನು ಹುಡುಕುತ್ತದೆ.

ನೀನು ಜಲವರ್ಣದವಳು. ಬೆಳಕನ್ನು ಕಾಗದದಿಂದ ಮರಳಿ ಪಡೆಯುವುದನ್ನು ಕಲಿತಿದ್ದೀ, ಇಲ್ಲಿ ಅದನ್ನು ಆಚೆಗೆ ದಾಟಿಸುವುದನ್ನು ಕಲಿಯಬೇಕು. ಜಲವರ್ಣವನ್ನು ಬಿಡುವ ಮಾತೇ ಏಳುವುದಿಲ್ಲ. ನನ್ನ ಪ್ರತಿ ಫಲಕದ ನಕ್ಷೆಗೆ ನಾನು ಮೊದಲು ತೆಳುಬಣ್ಣ ತುಂಬಿಯೇ ನೋಡುತ್ತೇನೆ. ಒಂದು ಕಟರು, ಅಂಚು ತಿಕ್ಕಲು ಕಲ್ಲು, ಅಂಚಿಗೆ ಸುತ್ತುವ ತಾಮ್ರದ ಅಂಟುಪಟ್ಟಿ, ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸು, ಬೆಸುಗೆಯ ಕಡ್ಡಿ, ಇಷ್ಟಿದ್ದರೆ ಅಡುಗೆಮನೆಯ ಮೇಜಿನಷ್ಟು ಜಾಗ ಸಾಕು. ಆದರೆ ಅಡುಗೆಮನೆಯ ಮೇಜು ಮಾತ್ರ ಬೇಡ. ಬೆಸುಗೆಯ ಲೋಹದಲ್ಲಿ ಸಾಮಾನ್ಯವಾಗಿ 60 ಪಾಲು ತವರ, 40 ಪಾಲು ಸೀಸ ಇರುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಎಲೆ ಅಡಿಕೆಯನ್ನೂ ಹಾಕಿಕೊಳ್ಳಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಅಂಚು ತಿಕ್ಕುವಾಗ ಕಲ್ಲನ್ನು ಸದಾ ನೀರಿನಲ್ಲಿ ನೆನೆಸಿಡು, ಒಣ ಗಾಜಿನ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ.

ಬೆಟಗೇರಿ ಕುಂಚ, ಗದಗ:

ಅಕ್ಕಾವರೇ, ನಿಮ್ಮ ತುಳಸಿಕಟ್ಟೆಯನ್ನು ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮೂವರಿಗೂ ಕೈಮುಗಿದು ವಂದಿಸುತ್ತೇನೆ. ಈ ವಾರ ಶಾಲೆ ಬಿಟ್ಟ ಮೇಲೆ ಪ್ರತಿದಿನ ಹತ್ತು ಗೀರು ಎಳೆದು ಮುರಿಯುತ್ತಿದ್ದೇನೆ. ಶನಿವಾರದ ಹತ್ತರಲ್ಲಿ ಏಳು ಗೆರೆ ಹಿಡಿದು ಬಂದವು.

ಆದರೂ ಕರಗಿದ ಗಾಜಿನ ಆ ಗುಳ್ಳೆಗಳನ್ನು ಮರೆಯಲಾಗುತ್ತಿಲ್ಲ. ಕುಂಬಾರಿಕೆ ಕಲಿಸುವ ಗೆಳತಿಯೊಬ್ಬಳ ಬಳಿ ತಾಪ ನಿಯಂತ್ರಿಸಬಹುದಾದ ವಿದ್ಯುತ್ ಕುಲುಮೆ ಇದೆ, ಎರಡು ದಿನ ಕೊಡುತ್ತೇನೆ ಎಂದಿದ್ದಾಳೆ. ಒಂದೇ ಹಾಳೆಯ 4 ಮಿ.ಮೀ. ಗಾಜಿನ ಎರಡು ಪದರಗಳನ್ನು ಸುಡಬೇಕೆಂದಿದ್ದೇನೆ. ಕುಲುಮೆ ಸರ್, ಕ್ರಮ ತಿಳಿಸುವಿರಾ? ಒಳಗೆ ಬಿಗಿತ ಉಳಿದಿದೆಯೇ ಎಂದು ಒಡೆಯುವ ಮುಂಚೆಯೇ ತಿಳಿಯುವ ಉಪಾಯ ಏನಾದರೂ ಇದೆಯೇ?

ಕುಲುಮೆ, ಧಾರವಾಡ:

ಇದೆ, ಮೇಡಂ. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಪೋಲರಾಯ್ಡ್ ತಂಪುಕನ್ನಡಕವನ್ನು ಕಣ್ಣೆದುರು ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿರಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಗಾಜನ್ನು ಹಿಡಿದರೆ, ಬಿಗಿತ ಉಳಿದ ಜಾಗಗಳು ಕತ್ತಲೆಯಲ್ಲಿ ಬೆಳ್ಳಗೆ ಹೊಳೆಯುತ್ತವೆ. ನಿಮ್ಮ ಹಳೆಯ ಹೋಳುಗಳನ್ನು ಮೊದಲು ನೋಡಿರಿ.

ಕುಲುಮೆಯ ತಟ್ಟೆಗೆ ಚೀನೀಮಣ್ಣು ಮತ್ತು ಅಲ್ಯೂಮಿನಾ ಕಲಸಿದ ತೆಳುವಾದ ಲೇಪವನ್ನು ಬಳಿದು ಪೂರ್ತಿ ಒಣಗಿಸಿರಿ, ಆಗ ಗಾಜು ಅಂಟುವುದಿಲ್ಲ. 600 ಡಿಗ್ರಿಯವರೆಗೆ ಗಂಟೆಗೆ 150 ಡಿಗ್ರಿಗಿಂತ ಹೆಚ್ಚು ಏರಿಸಬೇಡಿ. ಅಲ್ಲಿಂದ 820ರ ಆಸುಪಾಸಿಗೆ ತುಸು ಬೇಗ ಹೋಗಿ, ಹತ್ತು ನಿಮಿಷ ನಿಲ್ಲಿಸಿ. ಅಲ್ಲಿ ಬಹಳ ಹೊತ್ತು ಇಟ್ಟರೆ ಕಿಟಕಿಯ ಗಾಜಿನ ಮೇಲೆ ಹಾಲಿನ ಕೆನೆಯಂಥ ಮಬ್ಬು ಕಟ್ಟುತ್ತದೆ. ಮತ್ತೆ 545ಕ್ಕೆ ಇಳಿಸಿ ಒಂದು ಗಂಟೆ ಹಿಡಿಯಿರಿ. ಅಲ್ಲಿಂದ 450ರವರೆಗೆ ಗಂಟೆಗೆ 50 ಡಿಗ್ರಿ, 370ರವರೆಗೆ ಗಂಟೆಗೆ 80 ಡಿಗ್ರಿ ಇಳಿಯಲಿ, ಆಮೇಲೆ ಸ್ವಿಚ್ ಆರಿಸಿ ಬಿಟ್ಟುಬಿಡಿ. ಒಂದೊಂದು ಕುಲುಮೆಯ ಮಾಪಕ ಒಂದೊಂದು ತೆರನಾಗಿ ತೋರಿಸುವುದರಿಂದ ಮೊದಲ ಸಲ ಎಲ್ಲವನ್ನೂ ಬರೆದಿಡಿ. ಕೈಗೆ ತಣ್ಣಗಾಗುವ ಮುಂಚೆ ಬಾಗಿಲು ತೆರೆಯಬಾರದು, ಇದೊಂದು ನಿಯಮವನ್ನು ಮುರಿಯಬೇಡಿ.

ಬೆಟಗೇರಿ ಕುಂಚ, ಗದಗ:

ಹಳೆಯ ಹೋಳುಗಳನ್ನು ಪರದೆಯ ಮುಂದೆ ಹಿಡಿದು ನೋಡಿದೆ. ಬಾಟಲಿಯ ಚೂರು ಕಿಟಕಿಯ ಗಾಜಿಗೆ ಕೂಡಿದ ಅಂಚಿನುದ್ದಕ್ಕೂ ಬಿಳಿ ಬೆಂಕಿ ಹತ್ತಿದಂತಿತ್ತು. ಮೂರು ದಿನ ಅದು ತಡೆದು ನಿಂತದ್ದೇ ಹೆಚ್ಚು ಎನಿಸಿತು.

ಹೊಸ ಬಿಲ್ಲೆಯನ್ನು ಶನಿವಾರ ಮಧ್ಯಾಹ್ನ ಕುಲುಮೆಗೆ ಇಟ್ಟೆವು. ಭಾನುವಾರ ಬೆಳಿಗ್ಗೆ ಮಾಪಕ 90 ಎಂದು ತೋರಿಸುತ್ತಿತ್ತು. ಗೆಳತಿ ತೆರೆದು ನೋಡೋಣ ಎಂದಳು; ನಾನು ಬೇಡವೆಂದು ಅವಳನ್ನು ಕರೆದುಕೊಂಡು ಹೊರಗೆ ಹೋಗಿ ಕುಳಿತೆ. ಸಂಜೆ ತೆಗೆದಾಗ ಬಿಲ್ಲೆ ತಣ್ಣಗಿತ್ತು, ಅಂಚುಗಳು ದುಂಡಗಾಗಿದ್ದವು, ಎರಡು ಪದರಗಳ ನಡುವೆ ಹನ್ನೊಂದು ಗುಳ್ಳೆಗಳಿದ್ದವು. ಪರದೆಯ ಮುಂದೆ ಹಿಡಿದರೆ ಒಂದು ಮೂಲೆಯಲ್ಲಿ ಮಾತ್ರ ನಸುಬಿಳುಪು, ಉಳಿದದ್ದೆಲ್ಲ ಕಪ್ಪು. ಇಂದಿಗೆ ಒಂಬತ್ತು ದಿನ, ಕಪಾಟಿನಲ್ಲಿ ಹಾಗೆಯೇ ಇದೆ. ಅಂಚಿನ ಹಸಿರು ಎರಡು ಪದರ ಸೇರಿದ್ದರಿಂದ ಇನ್ನೂ ಗಾಢವಾಗಿದೆ.

ಆ ಮೂಲೆಯ ನಸುಬಿಳುಪನ್ನು ಮತ್ತೊಮ್ಮೆ 545ಕ್ಕೆ ಏರಿಸಿ ತಣಿಸಿದರೆ ಸರಿಪಡಿಸಬಹುದೇ, ಸರ್? ಬರುವ ಭಾನುವಾರ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಬರುತ್ತೇನೆ. ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ ತರುತ್ತೇನೆ. ಬಟ್ಟೆಯಿಂದ ಜೋಡಿಸಿದ ಆ ಎರಡು ಕೊಳವೆಗಳು ನಿಮ್ಮ ಬಳಿ ಇನ್ನೂ ಇದ್ದರೆ ದಯವಿಟ್ಟು ತೆಗೆದಿಡಿ.